ಸರ್ಕಾರಿ ದವಾಖಾನೆ ಇದ್ದಮೇಲೆ ಫೌಂಡೇಶನ್‌ನವರದ್ದೇನು ಕೆಲಸ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ ಸಿರವಾರ ತಾಲ್ಲೂಕಿನ ಒಂದು ಹಳ್ಳಿ. ವರ್ಷಕ್ಕೊಮ್ಮೆ ಯಾವುದಾದರೂ ಫೌಂಡೇಶನ್‌ನವರು ಬಂದು ಶಾಮಿಯಾನ ಹಾಕಿ, ಬಿಪಿ-ಶುಗರ್ ನೋಡಿ, ಗುಳಿಗೆ ಕೊಟ್ಟು ಹೋಗ್ತಾರೆ. ಹತ್ತಿರದಲ್ಲೇ ಸರ್ಕಾರಿ ದವಾಖಾನೆ ಇದೆ, ಅಲ್ಲೂ ಪುಕ್ಕಟೆ. ಮತ್ತೆ ಇವರು ಯಾಕೆ? ಬ್ಯಾನರ್ ಮೇಲೆ ‘ಆರೋಗ್ಯ ಸಮಾನತೆ’ ಅಂತ ಬರೆದಿರ್ತಾರಲ್ಲ, ಹಾಗಂದ್ರೆ ಏನು?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಊರಿಂದ ಬರುತ್ತಲೇ ಇರುತ್ತದೆ. ಸಿರವಾರದವರು ಕೇಳಿದ್ದು ನನಗೆ ಅನುಕೂಲವಾಯಿತು. ಉತ್ತರದ ಅರ್ಧ ಭಾಗ ನಿಮ್ಮ ಕಾಲುವೆಯಲ್ಲೇ ಇದೆ.

ತುಂಗಭದ್ರಾ ಎಡದಂಡೆ ಕಾಲುವೆ ಒಂದೇ. ಆದರೆ ಮೇಲ್ಭಾಗದ ಗಂಗಾವತಿ ಕಡೆಯವರು ಬತ್ತ ನಾಟಿ ಮುಗಿಸಿ ಕೂತಿರುವಾಗ, ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗದವರು ಕಾಲುವೆಯ ಮೈಲ್ 104ರಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ ಎಂದು ಕೇಳಿಕೊಂಡು ರಸ್ತೆ ತಡೆಗೆ ಹೊರಡುತ್ತಾರೆ. ಕಾಗದದಲ್ಲಿ ಇಬ್ಬರ ಹೊಲವೂ ಅಚ್ಚುಕಟ್ಟಿನಲ್ಲೇ ಇದೆ. ನೀರು ಮಾತ್ರ ಒಬ್ಬರಿಗೇ ಮುಟ್ಟುತ್ತದೆ. ಗೇಟು ಇನ್ನೂ ಸ್ವಲ್ಪ ಎತ್ತಿದರೆ ಮೇಲಿನವರಿಗೇ ಜಾಸ್ತಿ ಸಿಗುತ್ತದೆ, ಅಲ್ವಾ? ಕೊನೆ ಹೊಲಕ್ಕೆ ಮುಟ್ಟಬೇಕಾದರೆ ಸರದಿ ಕಟ್ಟಬೇಕು, ದಾರಿ ಕಾಯಬೇಕು, ಹೂಳು ತೆಗೆಯಬೇಕು. ಆರೋಗ್ಯದಲ್ಲಿ ಈ ಕೆಲಸ ಮಾಡುವುದಕ್ಕೇ ಆರೋಗ್ಯ ಸಮಾನತೆ ಅನ್ನುತ್ತಾರೆ.

ಲೆಕ್ಕದ ಪ್ರಕಾರ ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ ಇರಬೇಕು. ಇದೆ ಅಂತಲೇ ಇಟ್ಟುಕೊಳ್ಳೋಣ. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ದವಾಖಾನೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಟಂಟಂಗೆ ದುಡ್ಡು ಬೇರೆ. ಮನೆಯಲ್ಲಿ ಕೂಸು ನೋಡುವವರಿಲ್ಲ. ಹೋದರೆ ‘ಇಷ್ಟು ದಿನ ಎಲ್ಲಿಗೆ ಹೋಗಿದ್ದೆ’ ಎಂದು ಬೈಸಿಕೊಳ್ಳಬೇಕು. ಚಿಕಿತ್ಸೆ ಪುಕ್ಕಟೆ, ದಾರಿ ಪುಕ್ಕಟೆ ಅಲ್ಲ.

ಇನ್ನು ಶಾಮಿಯಾನದ ವಿಷಯ. ದೇವದುರ್ಗದ ಹತ್ತಿರ ನನ್ನ ಚಿಗವ್ವ ಇದ್ದಾಳೆ. ಒಂದು ಸಲ ಊರಿಗೆ ಕ್ಯಾಂಪ್ ಬಂತು. ಬಿಪಿ ಜಾಸ್ತಿ ಇದೆ ಎಂದು ಹದಿನೈದು ದಿನದ ಗುಳಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಚಿಗವ್ವ ಶಿಸ್ತಾಗಿ ನುಂಗಿದಳು. ಹದಿನಾರನೇ ದಿನ? ಅದನ್ನು ಯಾರೂ ಹೇಳಿರಲಿಲ್ಲ. ಖಾಲಿ ಚೀಲ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ‘ಕೋರ್ಸ್ ಮುಗೀತಲ್ಲ, ಆರಾಮ್ ಆಗಿರಬೇಕು’ ಅಂದಳು. ಬಿಪಿ ಗುಳಿಗೆ ಜ್ವರದ ಗುಳಿಗೆಯಂತಲ್ಲ, ದಿನಾ ನುಂಗುತ್ತಲೇ ಇರಬೇಕು ಎಂಬ ಒಂದು ಮಾತು ಆ ದಿನ ಯಾರ ಬಾಯಿಂದಲೂ ಬರಲಿಲ್ಲ. ಆ ಕ್ಯಾಂಪಿನ ವರದಿಯಲ್ಲಿ ಚಿಗವ್ವ ‘ಫಲಾನುಭವಿ’ ಆಗಿರುತ್ತಾಳೆ, ಅನುಮಾನವೇ ಇಲ್ಲ. ಹಾಗಾಗಿ ನಿಮ್ಮ ಸಿಟ್ಟು ಸುಮ್ನೆ ಬಂದದ್ದಲ್ಲ.

ಆದರೆ ಬೇರೆ ಥರದ ಕೆಲಸವೂ ನಮ್ಮ ಭಾಗದಲ್ಲೇ ನಡೆದಿದೆ. ಸುಮಾರು ಹದಿನೈದು ವರ್ಷದ ಹಿಂದೆ ‘ಸುಕ್ಷೇಮ’ ಎಂಬ ಯೋಜನೆ ಬಂತು. ದುಡ್ಡು ಗೇಟ್ಸ್ ಫೌಂಡೇಶನ್‌ದು, ಕೆಲಸ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಜೊತೆಗಾರ ಸಂಸ್ಥೆಗಳದ್ದು, ದವಾಖಾನೆ ಸರ್ಕಾರದ್ದು. ಬಳ್ಳಾರಿ, ಕೊಪ್ಪಳ, ರಾಯಚೂರು ಸೇರಿ ಉತ್ತರದ ಎಂಟು ಜಿಲ್ಲೆಗಳಲ್ಲಿ ನಡೆಯಿತು. ಅವರು ಹೊಸ ಆಸ್ಪತ್ರೆ ಕಟ್ಟಲಿಲ್ಲ. ಅನುಭವಸ್ಥ ನರ್ಸ್‌ಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸಿ, ಅಲ್ಲಿನ ಸಿಸ್ಟರ್ ಪಕ್ಕದಲ್ಲೇ ನಿಂತು ಕೆಲಸ ಕಲಿಸುವ ವ್ಯವಸ್ಥೆ ಮಾಡಿದರು. ಬಳ್ಳಾರಿ ಮತ್ತು ಕಲಬುರಗಿಯಲ್ಲಿ ಅದರಿಂದ ಗುಣಮಟ್ಟ ಸುಧಾರಿಸುತ್ತದೆಯೇ ಎಂದು ಪರೀಕ್ಷೆಯನ್ನೂ ಮಾಡಿದರು. ಹೆರಿಗೆಯಾದ ಒಂದು ನಿಮಿಷದೊಳಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟರೆ ರಕ್ತಸ್ರಾವ ಕಡಿಮೆಯಾಗುತ್ತದೆ. ಇದು ಪುಸ್ತಕದಲ್ಲಿದೆ. ರಾತ್ರಿ ಎರಡಕ್ಕೆ ಒಬ್ಬಳೇ ಸಿಸ್ಟರ್ ಇರುವಾಗ ಅದು ಕೈಗೆ ಬರಬೇಕಲ್ಲ? ಆ ಔಷಧಿ ತಂಪಿನಲ್ಲೂ ಇರಬೇಕು. ರಾಜ್ಯಕ್ಕೆಲ್ಲ ಶಕ್ತಿನಗರದಿಂದ ಕರೆಂಟ್ ಕಳಿಸುವ ಜಿಲ್ಲೆಯಲ್ಲಿ ಫ್ರಿಜ್‌ಗೆ ಕರೆಂಟ್ ಇದೆಯೇ ಎಂದು ನೋಡುವುದೂ ಒಂದು ಕೆಲಸವೇ.

ನನಗೆ ಇನ್ನೂ ಹಿಡಿಸಿದ್ದು ಕೊಪ್ಪಳದ ಕಾಂಗರೂ ಆರೈಕೆ. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಮೈಯಲ್ಲಿ ಕೊಬ್ಬು ಇರುವುದಿಲ್ಲ, ಶಾಖ ನಿಲ್ಲುವುದಿಲ್ಲ. ಅಂಥ ಕೂಸಿಗೆ ಟೊಪ್ಪಿಗೆ ಹಾಕಿ, ಬರಿಮೈಯಲ್ಲಿ ತಾಯಿಯ ಎದೆಗೆ ನೆಟ್ಟಗೆ ಆನಿಸಿ ಬಟ್ಟೆಯಿಂದ ಕಟ್ಟುತ್ತಾರೆ. ದಿನಕ್ಕೆ ಎಂಟು ತಾಸಾದರೂ ಹಾಗಿರಬೇಕು, ಎದೆಹಾಲು ಮಾತ್ರ ಕುಡಿಸಬೇಕು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹುಟ್ಟಿದ ಉಪಾಯ ಇದು. ಖರ್ಚಿಲ್ಲದ ಉಪಾಯ ಅನ್ನಿಸುತ್ತದೆ. ಮಾಡಲು ಹೋದರೆ ಗೊತ್ತಾಗುತ್ತದೆ. ವಾರ್ಡಿನಲ್ಲಿ ಗಂಡಸರು ಓಡಾಡುತ್ತಿದ್ದರೆ ಯಾವ ಬಾಣಂತಿ ಎದೆ ತೆರೆದು ಕೂರುತ್ತಾಳೆ? ಪರದೆ ಬೇಕು. ಒರಗಿ ಕೂರುವ ಮಂಚ ಬೇಕು. ಜೊತೆಗೆ ಬಂದ ಅತ್ತೆಗೆ ಊಟ ಬೇಕು, ಇಲ್ಲದಿದ್ದರೆ ಮೂರನೇ ದಿನ ‘ನಡಿ ಊರಿಗೆ’ ಅನ್ನುತ್ತಾಳೆ. ತಾಯಿ ಸುಸ್ತಾದರೆ ಅಪ್ಪನೋ ಅಜ್ಜಿಯೋ ಕಟ್ಟಿಕೊಳ್ಳಬಹುದು ಎಂದು ಒಪ್ಪಿಸಬೇಕು. ಮನೆಗೆ ಹೋದ ಮೇಲೆ ಊರಿನ ಆಶಾ ಕಾರ್ಯಕರ್ತೆ ಹೋಗಿ ನೋಡಬೇಕು.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಮೇಲೆ ಹೇಳಿದ ಟ್ರಸ್ಟ್, ಆರೋಗ್ಯ ಇಲಾಖೆ ಎಲ್ಲ ಸೇರಿ ಮಾಡಿದ ಈ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲವಿತ್ತು. ಲೆಕ್ಕ ಇಟ್ಟ ರೀತಿ ನೋಡಿ. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಲಿಲ್ಲ. ಜಿಲ್ಲೆಯಲ್ಲಿ ಇಷ್ಟು ಹೆರಿಗೆಯಾದರೆ ಇಷ್ಟು ಸಣ್ಣ ಕೂಸುಗಳು ಇರಲೇಬೇಕು, ಅದರಲ್ಲಿ ಎಷ್ಟಕ್ಕೆ ಆರೈಕೆ ಮುಟ್ಟಿತು ಎಂದು ನೋಡಿದರು. ಬಾರದವರನ್ನು ಎಣಿಸದೆ ಕೊನೆ ಭಾಗದ ಸುದ್ದಿ ಸಿಗುವುದಿಲ್ಲ.

ಬಾರದವರು ಯಾರು ಎಂದು ಹುಡುಕುವುದು ನಮ್ಮಲ್ಲಿ ಸುಲಭವಲ್ಲ. ಬಸುರಿ ಗಂಡನ ಊರಿನ ಆಶಾಳ ಪಟ್ಟಿಯಲ್ಲಿ ಇರುತ್ತಾಳೆ, ಹೆರಿಗೆಗೆ ತವರಿಗೆ ಹೋಗುತ್ತಾಳೆ. ಈ ಪಟ್ಟಿಯಿಂದ ಜಾರಿದಳು, ಆ ಪಟ್ಟಿಗೆ ಸೇರಲಿಲ್ಲ. ಸುಗ್ಗಿ ಮುಗಿದ ಮೇಲೆ ಇಡೀ ತಾಂಡಾ ಬೆಂಗಳೂರಿಗೆ ಗುಳೆ ಹೋದರೆ ಕೂಸಿನ ಲಸಿಕೆ ಯಾರ ಲೆಕ್ಕ? ತಾಯಿ ಕಾರ್ಡ್ ಟ್ರಂಕಿನಲ್ಲೇ ಉಳಿದಿರುತ್ತದೆ. ಎರಡು ಊರಿನ ಆಶಾಗಳಿಗೆ ಫೋನ್ ನಂಬರ್ ಕೊಡಿಸಿ ಜೋಡಿಸುವ ಒಬ್ಬ ಮನುಷ್ಯನಿಗೆ ಸಂಬಳ ಕೊಡುವುದು ಸರ್ಕಾರದ ಯಾವ ಲೆಕ್ಕಶೀರ್ಷಿಕೆಗೂ ಸುಲಭವಾಗಿ ಹೊಂದುವುದಿಲ್ಲ. ಫೌಂಡೇಶನ್ ದುಡ್ಡು ನಿಜವಾಗಿ ಉಪಯೋಗಕ್ಕೆ ಬರುವುದು ಇಂಥಲ್ಲಿ.

ದುಡ್ಡು ಎಲ್ಲಿಂದ ಅಂತೀರಾ? ಕೆಲವು ದಾನಿಗಳ ಸ್ವಂತದ್ದು. ಶಾಲೆಯಲ್ಲಿ ನಿಮ್ಮ ಮಕ್ಕಳು ವಾರಕ್ಕೆ ಆರು ದಿನ ತಿನ್ನುವ ಮೊಟ್ಟೆಯಲ್ಲಿ ನಾಲ್ಕು ದಿನದ್ದು 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಖರ್ಚು. ಇನ್ನೊಂದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ದುಡ್ಡು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಮಾಡುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟು ಖರ್ಚು ಮಾಡಬೇಕು. ತನ್ನ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕು. ಇಲ್ಲೇ ಒಂದು ತೊಡಕಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲು, ಸಂಡೂರಿನಲ್ಲಿ ದೊಡ್ಡ ಕಾರ್ಖಾನೆ, ಗಣಿ ಇವೆ. ದೇವದುರ್ಗದಲ್ಲಿ ಅಷ್ಟು ಎಲ್ಲಿದೆ? ದಾನದ ಕಾಲುವೆಗೂ ಕೊನೆ ಭಾಗ ಇದೆ ನೋಡಿ. ಬಳ್ಳಾರಿಯವರು ಜಿಲ್ಲಾ ಖನಿಜ ಪ್ರತಿಷ್ಠಾನದ ಹೆಸರೂ ಕೇಳಿರುತ್ತಾರೆ. ಹೆಸರು ಪ್ರತಿಷ್ಠಾನ ಆದರೂ ಅದು ದಾನ ಅಲ್ಲ. ಗಣಿಯವರು ರಾಯಧನದ ಜೊತೆ ಕಟ್ಟಲೇಬೇಕಾದ ಹಣ, ಗಣಿ ಬಾಧಿತ ಜನರ ಹಕ್ಕು. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಕುಡಿಯುವ ನೀರು, ಆರೋಗ್ಯ ಅದರ ಮೊದಲ ಆದ್ಯತೆಗಳಲ್ಲಿವೆ.

ಹಾಗಾದರೆ ನಿಮ್ಮೂರಿಗೆ ಬಂದವರು ಯಾವ ಥರದವರು? ನಾನಾದರೆ ಬ್ಯಾನರ್ ಓದುವುದಿಲ್ಲ, ಊರಿನ ಆಶಾ ಅಕ್ಕನನ್ನು ಕೇಳುತ್ತೇನೆ. ಕ್ಯಾಂಪಿನಲ್ಲಿ ಬಿಪಿ ಸಿಕ್ಕವರ ಪಟ್ಟಿ ಅವಳ ಕೈಗೆ ಬಂತಾ? ಆರು ತಿಂಗಳ ಮೇಲೆ ಅವರು ಮತ್ತೆ ಬಂದಿದ್ದರಾ? ‘ಬಂದಿದ್ರು, ಯಾರು ಗುಳಿಗೆ ಬಿಟ್ಟಾರ ಅಂತ ಕೇಳಿದ್ರು’ ಎಂದರೆ ಅವರನ್ನು ಕೂರಿಸಿ ಚಹಾ ಕೊಡಿ.

ಚಿಗವ್ವನ ಕಥೆ ಮುಂದೆ ಹೀಗಾಯಿತು. ಅವಳ ಊರಿನ ಆಶಾ ಅವಳನ್ನು ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ ಹೆಸರು ಬರೆಸಿದಳು. ಈಗ ತಿಂಗಳಿಗೊಮ್ಮೆ ಗುಳಿಗೆ ಅಲ್ಲೇ ಪುಕ್ಕಟೆ ಸಿಗುತ್ತದೆ. ಮೊಳೆಗೆ ನೇತಾಡುತ್ತಿದ್ದ ಚೀಲದಲ್ಲಿ ಈಗ ಹೀರೇಕಾಯಿ ಬೀಜ ಇದೆ.