ಮುಖದ ಕೆಂಪು ಮಚ್ಚೆ, ಕೂಸಿನ ದೊಡ್ಡ ಕಣ್ಣು

"ನಮ್ಮ ಕೂಸಿನ ಕಣ್ಣು ಎಷ್ಟು ದೊಡ್ಡದು ನೋಡಿ ಡಾಕ್ಟ್ರೇ" ಎಂದು ಅಜ್ಜಿಯರು ಹೆಮ್ಮೆಯಿಂದ ಹೇಳುವಾಗ ನನ್ನ ಎದೆ ಧಸಕ್ ಎನ್ನುತ್ತದೆ. ಹಣೆಯಿಂದ ರೆಪ್ಪೆಯವರೆಗೆ ದ್ರಾಕ್ಷಿರಸ ಚೆಲ್ಲಿದಂಥ ಮಚ್ಚೆ ಇದ್ದರಂತೂ ಆತಂಕ ಇನ್ನೂ ಜಾಸ್ತಿ. ಆ ಕಡೆಯ ಕಣ್ಣಷ್ಟೇ ದೊಡ್ಡದು. ಬೆಳಕಿನ ಕಡೆ ತಿರುಗಿಸಿದರೆ ಕೂಸು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸುತ್ತದೆ.

ಇದು ಸ್ಟರ್ಜ್-ವೆಬರ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ ಇರಬಹುದು. ಕೂಸು ಹೊಟ್ಟೆಯಲ್ಲಿರುವಾಗಲೇ ಕೆಲವು ಜೀವಕೋಶಗಳಲ್ಲಿ ಒಂದು ಜೀನ್ ಬದಲಾಗುವುದರಿಂದ ಬರುತ್ತದೆ. ಅಪ್ಪ ಅಮ್ಮನಿಂದ ಬಂದದ್ದಲ್ಲ. ಗ್ರಹಣಕ್ಕೂ ಸಂಬಂಧವಿಲ್ಲ. ತಾಯಂದಿರಿಗೆ ಇದನ್ನು ಎರಡೆರಡು ಸಲ ಹೇಳುತ್ತೇನೆ.

ಕಣ್ಣೊಳಗಿನ ನೀರು ಹೊರಹೋಗುವ ದಾರಿ ಸರಿಯಾಗಿ ಬೆಳೆದಿರುವುದಿಲ್ಲ. ಒತ್ತಡ ಏರಿ ಎಳೆಯ ಕಣ್ಣು ಹಿಗ್ಗುತ್ತದೆ. ಹುಟ್ಟಿದಾಗ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಅಗಲ ಸುಮಾರು 10 ಮಿಲಿಮೀಟರ್. ವರ್ಷದೊಳಗೆ 12 ದಾಟಿದರೆ ಗ್ಲಾಕೋಮಾ ಅನುಮಾನ, ಅಂದರೆ ಒತ್ತಡದಿಂದ ಕಣ್ಣಿನ ನರ ಹಾಳಾಗುವ ಕಾಯಿಲೆ. ಹನಿ ಔಷಧದಿಂದ ಸ್ವಲ್ಪ ದಿನ ತಳ್ಳಬಹುದು, ಅಷ್ಟೇ. ದೊಡ್ಡವರ ಹನಿಯನ್ನು ಮಾತ್ರ ಕೂಸಿಗೆ ಹಾಕಬೇಡಿ. ದೊಡ್ಡವರಿಗೆ ಕೊಡುವ ಬ್ರಿಮೊನಿಡಿನ್ ಎಂಬ ಹನಿ ಹಾಕಿದರೆ ಉಸಿರಾಟವೇ ನಿಲ್ಲಬಹುದು.

ಕಾರ್ನಿಯಾ ತಿಳಿಯಾಗಿದ್ದರೆ ಒಳಗಿನಿಂದಲೇ ದಾರಿ ಬಿಡಿಸುವ ಗೋನಿಯಾಟಮಿ ಎಂಬ ಆಪರೇಷನ್ ಮಾಡಬಹುದು. ನಮ್ಮಲ್ಲಿ ಬಹಳ ಕೂಸುಗಳು ಬರುವ ಹೊತ್ತಿಗೆ ಕಾರ್ನಿಯಾ ಮಂಜು ಕವಿದಂತಾಗಿ ಒಳಗೇನೂ ಕಾಣುವುದಿಲ್ಲ. ಆಗ ಅದೇ ದಾರಿಯನ್ನು ಹೊರಗಿನಿಂದ ಬಿಡಿಸುವ ಟ್ರಾಬೆಕ್ಯುಲಾಟಮಿ, ಜೊತೆಗೆ ನೀರು ಹರಿಯಲು ಹೊಸ ದಾರಿ.

ಈ ಕಾಯಿಲೆಯಲ್ಲಿ ಇನ್ನೊಂದು ಭಯ ಇದೆ. ಕಣ್ಣಿನ ಹಿಂಭಾಗದ ಪದರದಲ್ಲಿ ರಕ್ತನಾಳಗಳು ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ. ಪ್ರೆಷರ್ ಇಳಿಯುವ ಮೊದಲೇ ಕುಕ್ಕರ್ ಮುಚ್ಚಳ ಯಾರಾದರೂ ತೆಗೀತಾರಾ? ಇಲ್ಲೂ ಹಾಗೇ. ಒಮ್ಮೆಲೇ ಒತ್ತಡ ಬಿದ್ದರೆ ಆ ನಾಳಗಳು ಉಬ್ಬಿ ಒಳಗೇ ರಕ್ತ ಸುರಿಯಬಹುದು. ಅದಕ್ಕೆ ಮೊದಲೇ ಕಣ್ಣಿನ ಒತ್ತಡ ಇಳಿಸುವ ಮ್ಯಾನಿಟಾಲ್ ಡ್ರಿಪ್ ಕೊಡುತ್ತೇವೆ, ಹೊಲಿಗೆಗಳನ್ನು ಮುಂಚೆಯೇ ಹಾಕಿಟ್ಟುಕೊಳ್ಳುತ್ತೇವೆ, ನೀರನ್ನು ತೊಟ್ಟು ತೊಟ್ಟಾಗಿ ಬಿಡುತ್ತೇವೆ. ಆ ಕೆಲವು ನಿಮಿಷ ಆಪರೇಷನ್ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ.

ಮಿದುಳಿನ ಮೇಲೂ ಇಂಥದೇ ರಕ್ತನಾಳಗಳಿದ್ದರೆ ಫಿಟ್ಸ್ ಬರುತ್ತದೆ. ಫಿಟ್ಸ್ ಔಷಧ ನಡೆಯುತ್ತಿದ್ದರೆ ಅನಸ್ತೇಸಿಯಾ ಡಾಕ್ಟರಿಗೆ ಮೊದಲೇ ಹೇಳಿ. ಸುಮ್ನೆ ನೀವೇ ನಿಲ್ಲಿಸಬೇಡಿ.

ಒಂದೇ ಆಪರೇಷನ್‌ಗೆ ಮುಗಿಯುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಒತ್ತಡ ಮತ್ತೆ ಏರಬಹುದು, ಕನ್ನಡಕ ಬೇಕಾಗಬಹುದು, ಮಂಕಾದ ಕಣ್ಣು ನೋಡುವುದನ್ನು ಕಲಿಯಲಿ ಎಂದು ಒಳ್ಳೆಯ ಕಣ್ಣಿಗೆ ದಿನಾ ಪಟ್ಟಿ ಕಟ್ಟಬೇಕಾಗಬಹುದು. ಮಂಜು ಕರಗಿ ಕಣ್ಣು ತಿಳಿಯಾದ ಮೇಲೆ ಎಷ್ಟೋ ಜನ ಬರುವುದನ್ನೇ ಬಿಡುತ್ತಾರೆ. ಬಸ್ ಖರ್ಚು, ಕೂಲಿ ನಷ್ಟ ಎಲ್ಲಾ ಗೊತ್ತು. ಆದರೂ ಕೊಟ್ಟ ತಾರೀಖಿಗೆ ಕೂಸನ್ನು ಕರೆತನ್ನಿ.