ಹುಬ್ಬಳ್ಳಿ ರನ್‌ವೇ 2,600 ಮೀಟರ್ ಆಗಿದ್ದೇಕೆ?

ಗೋಕುಲ ರಸ್ತೆಯ ವಿಮಾನ ನಿಲ್ದಾಣ ಶುರುವಾಗಿದ್ದು 1974ರಲ್ಲಿ. ದೊಡ್ಡ ಜೆಟ್‌ಗಳಿಗೆ ತಕ್ಕ ರನ್‌ವೇ ಅಲ್ಲಿ ಉದ್ಘಾಟನೆಯಾಗಿದ್ದು 2017ರ ಡಿಸೆಂಬರ್ 12ರಂದು. ಹಳೆಯ ರನ್‌ವೇ ಸುಮಾರು 1,670 ಮೀಟರ್ ಇತ್ತು. ಪ್ರೊಪೆಲ್ಲರಿನ ಸಣ್ಣ ವಿಮಾನವಾದ ಎಟಿಆರ್‌ಗೆ ಅಷ್ಟು ಸಾಕು, ತುಂಬಿದ ಏರ್‌ಬಸ್ 320ಕ್ಕೆ ಸಾಲದು.

ವ್ಯತ್ಯಾಸ ಇರುವುದು ರೆಕ್ಕೆಯಲ್ಲಿ. ಎಟಿಆರ್ 72ರ 61 ಚದರ ಮೀಟರ್ ರೆಕ್ಕೆ ಸುಮಾರು 23 ಟನ್ ಹೊರುತ್ತದೆ. ಏರ್‌ಬಸ್‌ನ 122 ಚದರ ಮೀಟರ್ ರೆಕ್ಕೆಯ ಮೇಲೆ 78 ಟನ್‌ವರೆಗೂ ಭಾರ. ಗಂಟೆಗೆ 830 ಕಿ.ಮೀ. ವೇಗದಲ್ಲಿ ಹಾರಲೆಂದು ಆ ರೆಕ್ಕೆಯನ್ನು ಹೊರುವ ಭಾರಕ್ಕೆ ಹೋಲಿಸಿದರೆ ಚಿಕ್ಕದಾಗಿ, ಹಿಂದಕ್ಕೆ ಬಾಗಿಸಿ ಮಾಡಿರುತ್ತಾರೆ. ಹಾಗಾಗಿ ನೆಲ ಬಿಡಲು ಗಂಟೆಗೆ 260–280 ಕಿ.ಮೀ. ವೇಗ ಬೇಕು, ಎಟಿಆರ್‌ಗೆ 200ರ ಆಸುಪಾಸು ನಡೆಯುತ್ತದೆ. ಬೇಕಾದ ಓಟ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಬೆಳೆಯುತ್ತದೆ. ರೆಕ್ಕೆಯ ಹಿಂಬದಿಯ ಇಳಿಸಬಹುದಾದ ಪಟ್ಟಿ, ಅಂದರೆ ಫ್ಲ್ಯಾಪ್ ಹೆಚ್ಚು ಇಳಿಸಿದರೆ ಓಟ ಕಡಿಮೆಯಾದೀತು, ಆದರೆ ಮೇಲೇರುವ ಶಕ್ತಿ ಕುಗ್ಗುತ್ತದೆ.

ನಮ್ಮ ಊರಿನ ಎತ್ತರ, ಬಿಸಿಲು ಎರಡೂ ಇದಕ್ಕೆ ಸೇರುತ್ತವೆ. ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಮೇಲಿದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದಾಗ ಇಲ್ಲಿನ ಗಾಳಿ, ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗಿಂತ ಶೇ 14ರಷ್ಟು ತೆಳು. ಅದೇ ಎತ್ತುಬಲಕ್ಕೆ ಶೇ 8ರಷ್ಟು ಹೆಚ್ಚು ವೇಗ ಬೇಕು. ಅದೊಂದಕ್ಕೇ ಓಟ ಶೇ 17 ಉದ್ದವಾಗುತ್ತದೆ. ಎಂಜಿನ್ ಒಳಗೆಳೆಯುವ ಗಾಳಿಯೂ ಅದೇ ಆದ್ದರಿಂದ ನೂಕುಬಲವೂ ಇಳಿಯುತ್ತದೆ.

ಆದರೂ ರನ್‌ವೇ ಉದ್ದಕ್ಕೆ ನಿಜವಾದ ಕಾರಣ ಎಂಜಿನ್ ಕೈಕೊಡುವ ಸಾಧ್ಯತೆ. ಪ್ರತಿ ಟೇಕಾಫ್‌ಗೂ ಮೊದಲು ಪೈಲಟ್‌ಗಳು ‘ವಿ1’ ಎಂಬ ನಿರ್ಧಾರದ ವೇಗವನ್ನು ಲೆಕ್ಕ ಹಾಕಿಕೊಳ್ಳುತ್ತಾರೆ. ಅದಕ್ಕೆ ಮುಂಚೆ ಒಂದು ಎಂಜಿನ್ ನಿಂತರೆ ಬ್ರೇಕ್ ಹಾಕಿ ಉಳಿದ ರನ್‌ವೇಯಲ್ಲೇ ನಿಲ್ಲಬೇಕು. ದಾಟಿದ ಮೇಲೆ ನಿಂತರೆ ಉಳಿದ ಒಂದೇ ಎಂಜಿನ್‌ನಲ್ಲಿ ಏರಲೇಬೇಕು. ಎರಡಕ್ಕೂ ಜಾಗ ಸಾಲದಿದ್ದರೆ ಸರಕು, ಇಂಧನ ಅಥವಾ ಪ್ರಯಾಣಿಕರನ್ನು ಕಡಿಮೆ ಮಾಡದೆ ದಾರಿಯಿಲ್ಲ. ಈ ಲೆಕ್ಕದಲ್ಲಿ ರಾಜಿ ಸಲ್ಲದು. ‘ವಿಆರ್’ ವೇಗಕ್ಕೆ ಮೂತಿ ಎತ್ತುವುದು ಆಮೇಲಿನ ಮಾತು. ಸೆಕೆಂಡಿಗೆ ಮೂರು ಡಿಗ್ರಿಗಿಂತ ಅವಸರ ಮಾಡಿದರೆ ಬಾಲ ನೆಲಕ್ಕೆ ತಾಗೀತು.

ಮಳೆಗಾಲದಲ್ಲಿ ಒದ್ದೆ ರನ್‌ವೇ ಮೇಲೆ ಬ್ರೇಕ್ ಹಿಡಿತ ತಗ್ಗುವುದರಿಂದ ವಿ1 ಕೆಳಗಿಳಿಯುತ್ತದೆ. ಅದೇ ಮುಂಗಾರಿನ ಪಡುವಣ ಗಾಳಿಗೆ ಎದುರಾಗಿ ಓಡಿದರೆ ಓಟ ಕಡಿಮೆ ಸಾಕು. ನಮ್ಮ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿರುವುದು ಇಲ್ಲಿ ನೆರವಿಗೆ ಬರುತ್ತದೆ.