ಸಂಗೀತ ನಾಟಕ ಸಿನಿಮಾ ಆದಾಗ ಪ್ರೇಕ್ಷಕರ ಜಗಳ: ‘ಲೆ ಮಿಸೆರಾಬ್ಲ್’ ಇಟ್ಟುಕೊಂಡು ಒಂದು ಟಿಪ್ಪಣಿ

ಈ ಸೆಮಿಸ್ಟರಿನಲ್ಲಿ ಅಳವಡಿಕೆಯ ಪೇಪರ್ ಇರುವವರಿಗೆ ಈ ಟಿಪ್ಪಣಿ. ಪ್ರಶ್ನೆ ಇಷ್ಟೇ: ರಂಗದ ಮೇಲಿನ ಸಂಗೀತ ನಾಟಕ ಸಿನಿಮಾ ಆದಾಗ ನೋಡಿದವರ ಅಭಿಪ್ರಾಯ ಯಾಕೆ ಇಷ್ಟು ಒಡೆಯುತ್ತದೆ? ಪಠ್ಯಪುಸ್ತಕ ಇಂಗ್ಲಿಷಿನದ್ದು. ನಾವು ಅದರ ಬಗ್ಗೆ ಮಾತಾಡುವುದು ಕನ್ನಡ, ತುಳು, ಮಲಯಾಳ ಮೂರನ್ನೂ ಕಲಸಿ. ಪರೀಕ್ಷೆಗೆ ಮೊದಲು ಒಂದು ಕಡೆ ನೆಟ್ಟಗೆ ಕನ್ನಡದಲ್ಲಿ ಇರಲಿ ಅಂತ ಬರೆದಿಡುತ್ತಿದ್ದೇನೆ. ಬ್ರಾಡ್‌ವೇ ಅಂದರೇನು, ಅಳವಡಿಕೆಯಲ್ಲಿ ಎಷ್ಟು ವಿಧ ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಅದು ಎಲ್ಲ ಗೈಡಿನಲ್ಲೂ ಸಿಗುತ್ತದೆ.

ಬೇಕಾದಷ್ಟೇ ವಿವರ

ವಿಕ್ಟರ್ ಹ್ಯೂಗೋನ ಕಾದಂಬರಿ ಬಂದದ್ದು 1862ರಲ್ಲಿ. ಕ್ಲೋದ್ ಮಿಷೆಲ್ ಶೋನ್‌ಬರ್ಗ್ ಸಂಗೀತ, ಅಲೆನ್ ಬೂಬ್ಲಿಲ್ ಸಾಹಿತ್ಯದ ನಾಟಕ 1980ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾಯಿತು. ಇಂಗ್ಲಿಷ್ ರೂಪ 1985ರಲ್ಲಿ ಲಂಡನ್ನಿನ ಬಾರ್ಬಿಕನ್ ರಂಗಮಂದಿರದಲ್ಲಿ ಬಂತು. ಪತ್ರಿಕೆಯವರು ಚೆನ್ನಾಗಿಯೇ ಬೈದರು. ಜನ ಮಾತ್ರ ಟಿಕೆಟಿಗೆ ಸಾಲು ನಿಂತರು. ಅಂದರೆ ಈ ನಾಟಕದ ಬಗ್ಗೆ ಜಗಳ ಸಿನಿಮಾದಿಂದ ಹುಟ್ಟಿದ್ದೇನೂ ಅಲ್ಲ. ಟಾಮ್ ಹೂಪರ್ ನಿರ್ದೇಶನದ ಸಿನಿಮಾ 2012ರದ್ದು, 158 ನಿಮಿಷ. ಮೂರು ಆಸ್ಕರ್ ಸಿಕ್ಕಿತು: ಆನ್ ಹ್ಯಾಥವೇಗೆ ಪೋಷಕ ನಟಿ, ಮತ್ತೆ ಮೇಕಪ್, ಧ್ವನಿ ಮಿಶ್ರಣ.

ಗಂಟು ಇರುವುದು ಇಲ್ಲಿ: ತಾನು ಹಾಡುತ್ತಿದ್ದೇನೆ ಅಂತ ಪಾತ್ರಕ್ಕೆ ಗೊತ್ತಾ?

ನನಗೆ ತಲೆಗೆ ಹೋಗಲು ಜಾಸ್ತಿ ಹೊತ್ತು ಹಿಡಿದದ್ದು ಇದೇ. ಹಾಗಾಗಿ ಬಿಡಿಸಿ ಬಿಡಿಸಿ ಬರೆಯುತ್ತೇನೆ. ಬೇಗ ಅರ್ಥವಾದವರು ಮುಂದೆ ಹೋಗಬಹುದು.

ನಾಟಕದಲ್ಲಿ ಬರುವ ಹಾಡು ಎರಡು ಬಗೆ. ಮೊದಲನೆಯದರಲ್ಲಿ ಪಾತ್ರ ಕಥೆಯ ಒಳಗೇ ನಿಜವಾಗಿ ಹಾಡುತ್ತದೆ. ಮದುವೆ ಮನೆ, ಕ್ಲಬ್ಬು, ಮೆರವಣಿಗೆ ಇಲ್ಲೆಲ್ಲ ಹಾಡುವುದು ಹೀಗೆ. ಎರಡನೆಯದರಲ್ಲಿ ಪಾತ್ರ ಕಥೆಯ ಒಳಗೆ ಮಾತಾಡುತ್ತಿದೆ, ಇಲ್ಲವೇ ಮನಸ್ಸಿನಲ್ಲೇ ಯೋಚಿಸುತ್ತಿದೆ. ಅದು ಹಾಡಾಗಿ ಕೇಳುವುದು ನಮಗೆ ಮಾತ್ರ.

ಗೊತ್ತು ಮಾಡುವುದು ಹೇಗೆ? ಪಕ್ಕದಲ್ಲಿ ನಿಂತ ಇನ್ನೊಂದು ಪಾತ್ರವನ್ನು ಕರೆದು ‘ಇವನು ಈಗ ಏನು ಮಾಡಿದ?’ ಅಂತ ಕೇಳಿದ ಹಾಗೆ ಅಂದುಕೊಳ್ಳಿ. ‘ಹಾಡಿದ’ ಅಂದರೆ ಮೊದಲ ಬಗೆ. ‘ಬೈದ’, ‘ಬೇಡಿಕೊಂಡ’, ‘ಸುಮ್ನೆ ನಿಂತಿದ್ದ’ ಅಂದರೆ ಎರಡನೆಯದು. ಕಥಾನಾಯಕ ಜಾನ್ ವಾಲ್ಜಾನ್ ಜೈಲಿನಿಂದ ಬಂದು ಹೆಸರು ಬದಲಿಸಿ ಮೇಯರ್ ಆದವನು. ಅವನು ತಾನು ಯಾರು, ಹೆಸರು ಮುಚ್ಚಿಡುವುದೋ ಒಪ್ಪಿಕೊಳ್ಳುವುದೋ ಅಂತ ಒದ್ದಾಡುವ ಹಾಡು ಇದೆಯಲ್ಲ, ಅಲ್ಲಿ ಪಕ್ಕದವನಿಗೆ ಒಂದು ಸ್ವರವೂ ಕೇಳುವುದಿಲ್ಲ. ಅವನು ಕಂಡದ್ದು ಯೋಚನೆ ಮಾಡುತ್ತ ನಿಂತ ಒಬ್ಬ ಮೇಯರನ್ನು.

ಈ ನಾಟಕದಲ್ಲಿ ಹೆಚ್ಚುಕಡಿಮೆ ಎಲ್ಲವೂ ಎರಡನೆಯ ಬಗೆ. ಪೊಲೀಸು ಬೆದರಿಸುವುದು, ಹೋಟೆಲಿನವನು ದುಡ್ಡು ಲೆಕ್ಕ ಮಾಡುವುದು ಕೂಡ ರಾಗದಲ್ಲೇ. ನಡುವೆ ಬಿಡಿ ಮಾತು ತೀರಾ ಕಡಿಮೆ.

ರಂಗದ ಮೇಲೆ ಇದು ತೊಂದರೆ ಕೊಡುವುದಿಲ್ಲ. ಯಾಕೆಂದರೆ ಅಲ್ಲಿ ಕೂತ ಕ್ಷಣವೇ ನಾವು ಒಂದಿಷ್ಟು ಒಪ್ಪಿಕೊಂಡಿರುತ್ತೇವೆ. ಆ ಮರದ ರಾಶಿ ಪ್ಯಾರಿಸ್ಸಿನ ಬೀದಿತಡೆ. ಹಳೆಯ ಪ್ರದರ್ಶನಗಳಲ್ಲಿ ಇದ್ದ ತಿರುಗುವ ನೆಲ ಎಂದರೆ ಊರೂರು ಅಲೆದದ್ದು. ಇಷ್ಟು ಒಪ್ಪಿದವರಿಗೆ ಹಾಡು ಒಪ್ಪುವುದು ಕಷ್ಟವಾ? ಸಿನಿಮಾದಲ್ಲಿ ಕಥೆ ಬೇರೆ. ಕ್ಯಾಮೆರಾ ಕೆಸರು ತೋರಿಸುತ್ತದೆ, ಕೊಳೆತ ಹಲ್ಲು ತೋರಿಸುತ್ತದೆ. ‘ಇದೆಲ್ಲ ನಿಜ’ ಅಂತ ಹತ್ತು ಸಲ ಹೇಳಿ ನಂಬಿಸಿ, ಆಮೇಲೆ ಕೈದಿಯ ಬಾಯಲ್ಲಿ ರಾಗ ಹಾಕಿಸುತ್ತದೆ. ಆಗ ಒಬ್ಬ ಪ್ರೇಕ್ಷಕ ‘ಇವರು ಒಮ್ಮೆಯಾದರೂ ಮಾತಾಡಬಾರದಾ?’ ಅನ್ನುತ್ತಾನೆ. ನಾಟಕ ನೋಡಿ ಬಂದವನು ‘ನನ್ನ ಹಾಡು ಯಾಕೆ ತೆಗೆದರು?’ ಅನ್ನುತ್ತಾನೆ. ಇಬ್ಬರೂ ನೋಡಿದ್ದು ಒಂದೇ ಸಿನಿಮಾ.

ಈಗ ನಮ್ಮ ಕಡೆಗೆ ಬನ್ನಿ. ಯಕ್ಷಗಾನ ಪ್ರಸಂಗ ಬರೆದ ಕುಂಬಳೆಯ ಪಾರ್ತಿಸುಬ್ಬನ ಊರಿನವರು ನಾವು. ಆಟ (ಯಕ್ಷಗಾನ) ನೋಡುವಾಗ ‘ಯಾಕೆ ಹಾಡುತ್ತಾರೆ’ ಅಂತ ಯಾರಾದರೂ ಕೇಳಿದ್ದುಂಟಾ? ಪಾತ್ರದ ಪರವಾಗಿ ಪದ ಹೇಳುವುದು ಭಾಗವತರು. ವೇಷ, ಅಂದರೆ ಪಾತ್ರ ಮಾಡುವವರು, ಕುಣಿಯುತ್ತದೆ, ಆಮೇಲೆ ಅರ್ಥ ಹೇಳುತ್ತದೆ, ಅಂದರೆ ಪದದಲ್ಲಿ ಬಂದದ್ದನ್ನು ಮಾತಿನಲ್ಲಿ ಆಡುತ್ತದೆ. ಪಾತ್ರಕ್ಕೆ ತಾನು ಹಾಡುವುದು ಗೊತ್ತಾ ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ, ಏಕೆಂದರೆ ಪಾತ್ರ ಹಾಡುವುದೇ ಇಲ್ಲ. ನೀರ್ಚಾಲಿನ ನನ್ನ ಮಾವ ಆಟದ ಹುಚ್ಚು ಇರುವವರು. ಅವರಿಗೆ ಈ ಸಿನಿಮಾ ಹಾಕಿ ತೋರಿಸಿದೆ. ಹಾಡು ಜಾಸ್ತಿ ಅಂತ ಒಂದು ಮಾತೂ ಬರಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಕೇಳಿದ್ದು, ‘ಪದ ಎಲ್ಲ ಸರಿ ಮಾರಾಯ, ಅರ್ಥ ಹೇಳುವುದು ಯಾವಾಗ?’

ನನಗೆ ಪಾಠ ಬಿಚ್ಚಿಕೊಂಡದ್ದು ಅಲ್ಲಿ. ಪ್ರೇಕ್ಷಕನ ದೂರು ಸಿನಿಮಾದ ಬಗ್ಗೆ ಹೇಳುವಷ್ಟೇ ಅವನು ಎಲ್ಲಿ ನೋಡಲು ಕಲಿತ ಅನ್ನುವುದನ್ನೂ ಹೇಳುತ್ತದೆ.

ಈ ಗಂಟನ್ನು ಬೇರೆ ನಿರ್ದೇಶಕರು ಬಿಡಿಸಿದ್ದು ಹೀಗೆ. ‘ಕ್ಯಾಬರೆ’ ನಾಟಕ 1966ರದ್ದು. 1972ರಲ್ಲಿ ಸಿನಿಮಾ ಮಾಡುವಾಗ ಬಾಬ್ ಫಾಸಿ ಎರಡನೆಯ ಬಗೆಯ ಹಾಡುಗಳನ್ನು ಕಿತ್ತೇ ಹಾಕಿದರು. ಉಳಿದವು ಕ್ಲಬ್ಬಿನ ವೇದಿಕೆಯ ಮೇಲೆ. ಒಂದು ಮಾತ್ರ ಹೊರಗಿನ ಬಿಯರ್ ತೋಟದಲ್ಲಿ, ಅದೂ ಒಬ್ಬ ಹುಡುಗ ಎದ್ದು ನಿಂತು ನಿಜವಾಗಿ ಹಾಡುವುದು. ‘ಶಿಕಾಗೋ’ ನಾಟಕ 1975, ಸಿನಿಮಾ 2002. ಅಲ್ಲಿ ರಾಬ್ ಮಾರ್ಷಲ್ ಹೆಚ್ಚಿನ ಹಾಡುಗಳನ್ನು ನಾಯಕಿ ರಾಕ್ಸಿಯ ತಲೆಯ ಒಳಗಿನ ವೇದಿಕೆಗೆ ಹಾಕಿದರು. ಜೈಲು ನಿಜ, ಹಾಡು ಅವಳ ಕಲ್ಪನೆ. ‘ಕ್ಯಾಬರೆ’ಗೆ ಎಂಟು ಆಸ್ಕರ್, ‘ಶಿಕಾಗೋ’ಗೆ ಆರು. ಹಾಡು ಅಂದರೆ ಮುಖ ತಿರುಗಿಸುವವರೂ ಇವನ್ನು ಒಪ್ಪಿದರು. ಹೂಪರ್ ಈ ಎರಡು ದಾರಿಯನ್ನೂ ಬಿಟ್ಟರು. ಹಾಡನ್ನು ಹಾಡಾಗಿಯೇ ಕೆಸರಿನಲ್ಲಿ ನಿಲ್ಲಿಸಿದರು. ಅದು ಧೈರ್ಯ ಅಂತ ನನ್ನ ಅಭಿಪ್ರಾಯ. ಒಪ್ಪದವರು ಒಪ್ಪದಿದ್ದರೂ ಮಾರ್ಕು ಸಿಗುತ್ತದೆ, ಕಾರಣ ಬರೆದರೆ ಆಯಿತು.

ಒಂದು ಕಡೆ ಹೂಪರ್ ಕೂಡ ಸ್ವಲ್ಪ ಬಾಗಿದ್ದಾರೆ. ಕ್ರಾಂತಿಯ ಹುಡುಗರ ಗುಂಪು ಹಾಡು ಸಿನಿಮಾದಲ್ಲಿ ಜನರಲ್ ಲಮಾರ್ಕನ ಶವಯಾತ್ರೆಯಲ್ಲಿ ಶುರುವಾಗುತ್ತದೆ. ಮೆರವಣಿಗೆಯಲ್ಲಿ ಜನ ಹಾಡುವುದು ಸಹಜ. ಅದು ಮೊದಲ ಬಗೆಯ ಹತ್ತಿರ ಬಂದುಬಿಡುತ್ತದೆ, ಅಲ್ವಾ? ನಾನು ಯಾರನ್ನು ಕೇಳಿದರೂ ಆ ದೃಶ್ಯಕ್ಕೆ ತಕರಾರು ಇರಲಿಲ್ಲ.

ಸೆಟ್ಟಿನಲ್ಲೇ ಹಾಡಿಸಿದ್ದು

ಮಾಮೂಲಿ ಕ್ರಮದಲ್ಲಿ ಹಾಡು ಮೊದಲು ಸ್ಟುಡಿಯೋದಲ್ಲಿ ರೆಕಾರ್ಡ್ ಆಗುತ್ತದೆ. ಶೂಟಿಂಗಿನಲ್ಲಿ ನಟರು ತುಟಿ ಆಡಿಸುತ್ತಾರೆ. ಹೂಪರ್ ನಟರ ಕಿವಿಯಲ್ಲಿ ಸಣ್ಣ ಇಯರ್‌ಪೀಸ್ ಇಟ್ಟರು. ಸೆಟ್ಟಿನ ಪಕ್ಕದಲ್ಲಿ ಒಬ್ಬರು ಪಿಯಾನೋ ನುಡಿಸಿದರು. ನಟ ಹಾಡಿದ್ದೇ ಅಂತಿಮ. ವಾದ್ಯವೃಂದವನ್ನು ಆಮೇಲೆ ಕೂಡಿಸಿದರು. ನಟ ಒಂದು ಶಬ್ದದ ಮೇಲೆ ಅತ್ತು ನಿಂತರೆ ಪಿಯಾನೋದವರೂ ಕಾಯುತ್ತಿದ್ದರು. ಆಟದಲ್ಲಿ ಲಗಾಮು ಭಾಗವತರ ಕೈಯಲ್ಲಿ, ಇಲ್ಲಿ ವೇಷದ ಕೈಯಲ್ಲಿ.

ಅಭಿಪ್ರಾಯ ಒಡೆದದ್ದು ಇಲ್ಲಿಂದ. ಹ್ಯಾಥವೇಯ ‘ಐ ಡ್ರೀಮ್ಡ್ ಎ ಡ್ರೀಮ್’ ಕೇಳಿದವರು, ಇದು ಬೇರೆ ಕ್ರಮದಲ್ಲಿ ಸಾಧ್ಯವೇ ಇರಲಿಲ್ಲ ಅಂದರು. ಪೊಲೀಸು ಜಾವೇರ್ ಆದ ರಸೆಲ್ ಕ್ರೋ ಹಾಡಿದ್ದನ್ನು ಕೇಳಿ ಅದೇ ಜನ, ಸ್ಟುಡಿಯೋದಲ್ಲಿ ತಿದ್ದಬಹುದಿತ್ತು ಅಂದರು. ‘ಬ್ರಿಂಗ್ ಹಿಮ್ ಹೋಮ್’ ಹಾಡನ್ನು ಲಂಡನ್ನಿನ ಮೊದಲ ವಾಲ್ಜಾನ್ ಕೋಲ್ಮ್ ವಿಲ್ಕಿನ್ಸನ್ ತೀರಾ ಮೆಲ್ಲಗೆ, ಪ್ರಾರ್ಥನೆಯ ಹಾಗೆ ಹಾಡಿದ್ದರು. ಸಿನಿಮಾದ ವಾಲ್ಜಾನ್ ಹ್ಯೂ ಜಾಕ್‌ಮನ್ ಗಂಟಲು ಬಿಟ್ಟು ಹಾಡಿದರು. ಹಳೆಯ ಅಭಿಮಾನಿಗಳು ಅದನ್ನು ಇನ್ನೂ ಒಪ್ಪಿಲ್ಲ. ತಮಾಷೆ ಏನೆಂದರೆ ವಿಲ್ಕಿನ್ಸನ್ ಇದೇ ಸಿನಿಮಾದಲ್ಲಿ ಬಿಷಪ್ ಆಗಿ ಇದ್ದಾರೆ.

ನಮಗೆ ಇಲ್ಲಿ ಒಂದು ಮಾತು ವಿಚಿತ್ರ ಅನಿಸುತ್ತದೆ. ‘ಮೈ ಫೇರ್ ಲೇಡಿ’ ಸಿನಿಮಾದಲ್ಲಿ (1964) ಆಡ್ರಿ ಹೆಪ್‌ಬರ್ನ್ ಅವರ ಹೆಚ್ಚಿನ ಹಾಡು ಮಾರ್ನಿ ನಿಕ್ಸನ್ ಅವರ ದನಿಯಲ್ಲಿದೆ. ರಂಗದ ಮೇಲೆ ಆ ಪಾತ್ರ ಮಾಡಿದ್ದ ಜೂಲಿ ಆಂಡ್ರ್ಯೂಸ್ ಅವರನ್ನು ಬಿಟ್ಟು ಹೀಗೆ ಮಾಡಿದ್ದು ಮೋಸ ಅಂತ ಅಲ್ಲಿನವರು ಇವತ್ತಿಗೂ ಬರೆಯುತ್ತಾರೆ. ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ದನಿ ಕೊಟ್ಟದ್ದನ್ನು ನಾವು ಯಾರೂ ಮೋಸ ಅನ್ನಲಿಲ್ಲ. ಪ್ಲೇಬ್ಯಾಕಿನಲ್ಲಿ ಬೆಳೆದ ಕಿವಿಗೆ ‘ಸೆಟ್ಟಿನಲ್ಲೇ ಹಾಡಿದರು’ ಅನ್ನುವುದು ಅಷ್ಟು ದೊಡ್ಡ ಸುದ್ದಿಯೂ ಆಗುವುದಿಲ್ಲ. ಉತ್ತರದಲ್ಲಿ ಈ ಅಂಶ ಹಾಕಿ, ಗೈಡಿನಲ್ಲಿ ಇಲ್ಲ.

ಮುಖ ಹತ್ತಿರ ಬಂದದ್ದು

ಇದು ಚಿಕ್ಕದು. ಹೂಪರ್ ಹಾಡಿನ ಉದ್ದಕ್ಕೂ ಕ್ಯಾಮೆರಾವನ್ನು ಮುಖದ ಮುಂದೆಯೇ ಇಡುತ್ತಾರೆ. ರಂಗಮಂದಿರದ ಕೊನೆಯ ಸಾಲಿನಲ್ಲಿ ಕೂತವನಿಗೆ ಮುಖ ಕಾಣುವುದೇ ಇಲ್ಲ, ಹಾಡೇ ಅವನ ಹತ್ತಿರ ಬರಬೇಕು. ಅದಕ್ಕೇ ಆ ಹಾಡುಗಳು ಅಷ್ಟು ದೊಡ್ಡವು. ದೊಡ್ಡ ಹಾಡು ಮತ್ತು ದೊಡ್ಡ ಮುಖ ಒಟ್ಟಿಗೆ ಬಂದಾಗ ಕೆಲವರಿಗೆ ಉಸಿರು ಕಟ್ಟಿತು. ಆಟದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖಕ್ಕೆ ಇಟ್ಟ ಚಿಟ್ಟಿಯನ್ನು, ಅಂದರೆ ಬಿಳಿ ಚುಕ್ಕೆಗಳನ್ನು, ಯಾರೋ ಮೊಬೈಲಿನಲ್ಲಿ ಅಂಗೈ ದೂರದಿಂದ ತೆಗೆದ ವಿಡಿಯೋ ನೋಡಿ. ಗದ್ದೆಯ ಆಚೆ ಬದಿಯಿಂದ ಹೆದರಿಸಲೆಂದೇ ಬರೆದ ಮುಖ ಅದು.

ಹಾಡಿನ ಜಾಗ ಬದಲಾದದ್ದು

ಇದಕ್ಕೆ ಹೆಚ್ಚಿನವರು ಖುಷಿಪಟ್ಟರು. ನಾಟಕದಲ್ಲಿ ಫಾಂಟೀನ್ (ಸಿನಿಮಾದಲ್ಲಿ ಹ್ಯಾಥವೇ ಮಾಡಿದ ಪಾತ್ರ) ಕೆಲಸ ಹೋದ ಕೂಡಲೇ ‘ಐ ಡ್ರೀಮ್ಡ್ ಎ ಡ್ರೀಮ್’ ಹಾಡುತ್ತಾಳೆ. ಕೂದಲು ಮಾರುವುದು, ಮೈ ಮಾರುವುದು ಆಮೇಲೆ. ಸಿನಿಮಾದಲ್ಲಿ ಎಲ್ಲ ಕಳೆದುಕೊಂಡ ಮೇಲೆ ಹಾಡುತ್ತಾಳೆ. ಮೊದಲಿನ ಕ್ರಮದಲ್ಲಿ ಅದು ಮುಂದೆ ಬರುವ ಕೇಡಿನ ಹೆದರಿಕೆ, ಎರಡನೆಯದರಲ್ಲಿ ಲೆಕ್ಕ ಮುಗಿದದ್ದು. ಹೋಟೆಲಿನವನ ಮಗಳು ಎಪೊನೀನ್‌ಳ ‘ಆನ್ ಮೈ ಓನ್’ ಕೂಡ ನಾಟಕದ ಎರಡನೆಯ ಅಂಕದಿಂದ ಮುಂಚೆಗೆ ಬಂದಿದೆ. ‘ಸಡನ್ಲಿ’ ಅನ್ನುವ ಹಾಡು ಸಿನಿಮಾಕ್ಕೆಂದು ಹೊಸದಾಗಿ ಬರೆದದ್ದು. ಅದು ಇಲ್ಲದಿದ್ದರೆ ಏನೂ ನಷ್ಟ ಇರಲಿಲ್ಲ.

ನನ್ನ ಅಡ್ಡದಾರಿ: ಚಪ್ಪಾಳೆ ಪ್ರಶ್ನೆ

ಯಾವ ದೂರು ಕೊಟ್ಟರೂ ನಾನು ಕೇಳುವುದು ಒಂದೇ. ರಂಗಮಂದಿರದಲ್ಲಿ ಆ ಕ್ಷಣ ಪ್ರೇಕ್ಷಕ ಏನು ಮಾಡುತ್ತಿದ್ದ? ಸಿನಿಮಾದಲ್ಲಿ ಆ ಕೆಲಸ ಯಾರ ಪಾಲಿಗೆ ಬಂತು?

ಇದಕ್ಕೆ ಅತ್ಯಂತ ಒಳ್ಳೆಯ ಉದಾಹರಣೆ ಬೇರೆ ಸಿನಿಮಾದ್ದು, ‘ಲಿಟ್ಲ್ ಶಾಪ್ ಆಫ್ ಹಾರರ್ಸ್’. 1982ರ ನಾಟಕದಲ್ಲಿ ಮನುಷ್ಯರನ್ನು ತಿನ್ನುವ ಗಿಡ ಕೊನೆಗೆ ನಾಯಕ ನಾಯಕಿ ಇಬ್ಬರನ್ನೂ ತಿಂದುಬಿಡುತ್ತದೆ. ಜನ ನಕ್ಕು ಮನೆಗೆ ಹೋದರು. 1986ರ ಸಿನಿಮಾಕ್ಕೂ ನಿರ್ದೇಶಕ ಫ್ರಾಂಕ್ ಓಜ್ ಅದೇ ಕೊನೆ ಚಿತ್ರೀಕರಿಸಿದರು. ಬಿಡುಗಡೆಗೆ ಮೊದಲು ಪರೀಕ್ಷೆಗೆ ಅಂತ ತೋರಿಸಿದಾಗ ಜನ ಅದನ್ನು ಒಪ್ಪಲೇ ಇಲ್ಲ. ಇಬ್ಬರೂ ಬದುಕುವ ಹೊಸ ಕೊನೆ ಮಾಡಿ ಬಿಡುಗಡೆ ಮಾಡಬೇಕಾಯಿತು. ಹಳೆಯ ಕೊನೆ ಸರಿಯಾಗಿ ಹೊರಬಂದದ್ದು 2012ರಲ್ಲಿ.

ಒಂದೇ ಕಥೆ, ಒಂದೇ ಸಾವು. ವ್ಯತ್ಯಾಸ ಏನು? ಓಜ್ ಆಮೇಲೆ ಕೊಟ್ಟ ಕಾರಣ ಸರಳ: ನಾಟಕದಲ್ಲಿ ಸತ್ತವರು ಕೊನೆಗೆ ಎದ್ದು ಬಂದು ನಮಸ್ಕಾರ ಮಾಡುತ್ತಾರೆ, ಸಿನಿಮಾದಲ್ಲಿ ಬರುವುದಿಲ್ಲ. ಚಪ್ಪಾಳೆ ತಟ್ಟುವಾಗ ಪ್ರೇಕ್ಷಕ ಅವರನ್ನು ಬದುಕಿಸಿಕೊಂಡು ಹೋಗುತ್ತಿದ್ದ. ಆ ಕೆಲಸ ಸಿನಿಮಾದಲ್ಲಿ ಯಾರಿಗೂ ಸಿಗಲಿಲ್ಲ, ಸತ್ತವರು ಸತ್ತೇ ಉಳಿದರು.

ಇದನ್ನು ‘ಲೆ ಮಿಸೆರಾಬ್ಲ್’ಗೆ ಹಾಕಿ. ನಾಟಕದಲ್ಲಿ ದೊಡ್ಡ ಹಾಡು ಮುಗಿದ ಮೇಲೆ ಚಪ್ಪಾಳೆ. ಅಷ್ಟು ಹೊತ್ತು ಕಣ್ಣೊರೆಸಿಕೊಳ್ಳಬಹುದು, ನೆಟ್ಟಗೆ ಕೂರಬಹುದು. ಸಿನಿಮಾ ಆ ಬಿಡುವು ಕೊಡದೆ ಮುಂದಿನ ಹಾಡಿಗೆ ಓಡುತ್ತದೆ. ‘ಮೊದಲರ್ಧ ಸುಸ್ತು ಮಾಡಿತು’ ಅನ್ನುವವರ ದೂರು ಉದ್ದದ ಬಗ್ಗೆ ಅಂತ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಅದು ಚಪ್ಪಾಳೆಯ ಜಾಗ ಹೋದ ದೂರು. ನಾಟಕ ಇದಕ್ಕಿಂತ ಉದ್ದ ಇದೆ, ಅಲ್ಲಿ ಆ ಮಾತು ಅಷ್ಟು ಬರುವುದಿಲ್ಲ.

ಯಾರ ಅಭಿಪ್ರಾಯ ಅಂತ ನೋಡಿ

ಮೊದಲ ದಿನ ಬರುವವರು ಹೆಚ್ಚಾಗಿ ನಾಟಕದ ಅಭಿಮಾನಿಗಳು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಅಂತ ಒಂದು ಸಂಸ್ಥೆ ಮೊದಲ ದಿನ ಥಿಯೇಟರಿನಿಂದ ಹೊರಬರುವವರ ಹತ್ತಿರ ಗ್ರೇಡ್ ಕೇಳುತ್ತದೆ. ದುಡ್ಡು ಕೊಟ್ಟು ಓಡಿ ಬಂದವರು ಸಾಮಾನ್ಯವಾಗಿ ಧಾರಾಳವಾಗಿಯೇ ಕೊಡುತ್ತಾರೆ. ಅವರೇ ಕಡಿಮೆ ಕೊಟ್ಟರೆ ಗಂಭೀರ ಅಂತ ಲೆಕ್ಕ. ಇದೇ ಹೂಪರ್ 2019ರಲ್ಲಿ ಮಾಡಿದ ‘ಕ್ಯಾಟ್ಸ್’ಗೆ ಸಿಕ್ಕಿದ್ದು ಸಿ ಪ್ಲಸ್. ನಟರ ಮೈಮೇಲೆ ಕಂಪ್ಯೂಟರಿನಲ್ಲಿ ಹಾಕಿದ ಬೆಕ್ಕಿನ ರೋಮ ನೋಡಲಾಗದೆ ಜನ ನಕ್ಕರು. ಬಿಡುಗಡೆಯಾದ ಕೆಲವೇ ದಿನದಲ್ಲಿ ಗ್ರಾಫಿಕ್ಸ್ ತಿದ್ದಿದ ಪ್ರತಿಯನ್ನು ಥಿಯೇಟರುಗಳಿಗೆ ಕಳಿಸಬೇಕಾಯಿತು.

ನಮ್ಮ ಸಂಗತಿ ಉಲ್ಟಾ. ಕಾಸರಗೋಡಿನಲ್ಲಿ ಕೂತ ನಮಗೆ ಮೊದಲು ಸಿಗುವುದು ಸಿನಿಮಾ. ಆಮೇಲೆ ಬೇಕಾದರೆ 2010ರಲ್ಲಿ ಲಂಡನ್ನಿನ ‘ಓ2’ (O2) ಸಭಾಂಗಣದಲ್ಲಿ ನಡೆದ, ನಾಟಕದ 25ನೇ ವರ್ಷದ ಕಛೇರಿಯ ರೆಕಾರ್ಡಿಂಗ್. ಹಾಗಾಗಿ ನಮ್ಮಲ್ಲಿ ಕೆಲವರಿಗೆ ಆ ಕಛೇರಿಯೇ ತಪ್ಪು ಅನಿಸಿತು, ಎಲ್ಲರೂ ಮೈಕಿನ ಮುಂದೆ ನಿಂತು ಹಾಡುತ್ತಾರಲ್ಲ ಅಂತ. ಯಾವುದನ್ನು ಮೊದಲು ನೋಡಿದೆವೋ ಅದು ಮೂಲ ಆಗಿಬಿಡುತ್ತದೆ.

ಅಭ್ಯಾಸಕ್ಕೆ ಒಂದು ಬಿಡುತ್ತೇನೆ. ‘ವಿಕೆಡ್’ ನಾಟಕ (2003) ಮಧ್ಯಂತರ ಸೇರಿ ಸುಮಾರು ಎರಡೂ ಮುಕ್ಕಾಲು ಗಂಟೆ. ಸಿನಿಮಾದ ಮೊದಲ ಭಾಗವೇ 160 ನಿಮಿಷ, ನಾಟಕದ ಮಧ್ಯಂತರ ಬರುವ ಹಾಡಿನಲ್ಲೇ ಮುಗಿಯುತ್ತದೆ. ಅದು ಬಂದದ್ದು 2024ರ ನವೆಂಬರಿನಲ್ಲಿ, ಎರಡನೆಯ ಭಾಗ 2025ರ ನವೆಂಬರಿನಲ್ಲಿ. ಕಾಲು ಗಂಟೆ ಚಹಾ ಕುಡಿದು ಹರಟುತ್ತಿದ್ದ ಪ್ರೇಕ್ಷಕನಿಗೆ ಒಂದು ವರ್ಷ ಬಿಡುವು. ಚಪ್ಪಾಳೆ ಪ್ರಶ್ನೆ ಹಾಕಿ ಬರೆದು ನೋಡಿ, ಗುರುವಾರ ಕ್ಲಾಸಿಗೆ ಮೊದಲು ಹೋಲಿಸೋಣ.